ಸರ್ಪದ ಹೆಸರಿನ ಭಯ

ರೋಗಕ್ಕಿಂತ ರೋಗದ ಶಂಕೆಯೇ ಕೆಲವೊಮ್ಮೆ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ. ಅದರಲ್ಲೂ ಗುಹ್ಯರೋಗದ ಶಂಕೆ ಹಿಡಿದರೆ ಬಾಯಿಬಿಟ್ಟು ಹೇಳುವಂತಿಲ್ಲ, ನುಂಗಿಕೊಳ್ಳುವಂತೆಯೂ ಇಲ್ಲ. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆಯುಷ್ಯವನ್ನೆಲ್ಲ ಶಬ್ದಗಳ ಸಹವಾಸದಲ್ಲಿ ಕಳೆದವನು ನಾನು. ಆದುದರಿಂದ ‘ಹರ್ಪಿಸ್’ ಎಂಬ ಒಂದು ಶಬ್ದದ ಜಾಡು ಹಿಡಿದು ಈ ಶಂಕೆಯ ಚರಿತ್ರೆಯನ್ನು ತುಸು ನೋಡೋಣ.

ಗ್ರೀಕಿನಲ್ಲಿ ‘ಹರ್ಪೈನ್’ ಎಂದರೆ ತೆವಳು, ಹರಿದಾಡು. ಚರ್ಮದ ಮೇಲೆ ಹಬ್ಬುತ್ತ ಹೋಗುವ ಹುಣ್ಣುಗಳಿಗೆ ಹಿಪೊಕ್ರೆಟಿಸನ ಪರಂಪರೆಯ ವೈದ್ಯರು ಈ ಹೆಸರನ್ನಿಟ್ಟರು. ಸಂಸ್ಕೃತದ ‘ಸೃಪ್’ ಧಾತು ಇದರ ಒಡಹುಟ್ಟು. ನಮ್ಮ ‘ಸರ್ಪ’ ಬಂದದ್ದು ಅಲ್ಲಿಂದಲೇ. ಚರಕಸಂಹಿತೆಯಲ್ಲಿ ಬರುವ ‘ವಿಸರ್ಪ’ವೆಂಬ ವ್ಯಾಧಿಯ ಹೆಸರೂ ಅಲ್ಲಿಂದಲೇ. ನಮ್ಮ ಹಳ್ಳಿಗಳ ‘ಸರ್ಪಸುತ್ತು’ ವೈದ್ಯರ ಬಾಯಲ್ಲಿ ‘ಹರ್ಪಿಸ್ ಜೋಸ್ಟರ್’. ಅದರ ವೈರಸ್ಸು ಬೇರೆ, ಸೀತಾಳೆ ಸಿಡುಬಿನದು. ಕುಲ ಮಾತ್ರ ಒಂದೇ. ಸುತ್ತಿಕೊಂಡ ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ಎಂದು ನಮ್ಮವರು ನಂಬಿದ್ದುಂಟು. ಹೆಸರೇ ಹೆಡೆಯೆತ್ತಿದ ಮೇಲೆ ಹೆದರದಿರುವುದು ಹೇಗೆ?

ಆದರೆ ಈ ಭಯ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. 1597ರಲ್ಲಿ ಅಚ್ಚಾದ ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ಮುತ್ತಿನ ಕನಸು ಕಾಣುವ ಹೆಣ್ಣುಗಳ ತುಟಿಯಲ್ಲಿ ಕಿನ್ನರರಾಣಿ ಮ್ಯಾಬ್ ಗುಳ್ಳೆ ಎಬ್ಬಿಸುತ್ತಾಳೆ. ಅಲ್ಲಿ ಅದು ವಿನೋದ. 1736ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರುಕ್ ಗುಹ್ಯಾಂಗದ ಮೇಲಣ ಗುಳ್ಳೆಗಳನ್ನು ತನ್ನ ಗುಹ್ಯರೋಗಗಳ ಗ್ರಂಥದಲ್ಲಿ ವರ್ಣಿಸಿದ. ಅಲ್ಲಿ ಅದು ಗುಟ್ಟು. ಈ ವೈರಸ್ಸಿನಲ್ಲಿ ಎರಡು ಬಗೆಗಳಿವೆಯೆಂದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಒಂದು ಹೆಚ್ಚಾಗಿ ತುಟಿಯದು, ಇನ್ನೊಂದು ಗುಹ್ಯಾಂಗದ್ದು, ಒಂದರ ಎಡೆಗೆ ಇನ್ನೊಂದು ಹೋಗುವುದೂ ಉಂಟು. ತುಟಿಯಲ್ಲಿದ್ದರೆ ನಗೆ, ಕೆಳಗಿದ್ದರೆ ಕಳಂಕ! ಈ ತಾರತಮ್ಯ ಮಾಡಿದ್ದು ವೈರಸ್ಸಲ್ಲ, ನಾವು.

ಹರ್ಪಿಸ್‌ಗೆ ಮುನ್ನ ಈ ಕಳಂಕವನ್ನು ಹೊತ್ತದ್ದು ಸಿಫಿಲಿಸ್. ರೋಗವಿಲ್ಲದೆಯೂ ಇದೆಯೆಂದು ಕೊರಗುವವರ ಸ್ಥಿತಿಗೆ 19ನೆಯ ಶತಮಾನದ ಯೂರೋಪಿನ ವೈದ್ಯರು ‘ಸಿಫಿಲೊಫೋಬಿಯ’ ಎಂದು ಹೆಸರಿಟ್ಟಿದ್ದರು. 1906ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ ಬಂದಿತು; ಭಯ ಹೋಗಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಹಡಗುಗಳ ಬಾಗಿಲ ಹಿಡಿಗಳನ್ನೇ ತೆಗೆಸಿತು, ಅವುಗಳಿಂದ ರೋಗ ಅಂಟೀತೆಂದು! ಪೆನಿಸಿಲಿನ್ ಬಂದು ಸಿಫಿಲಿಸಿನ ಹಲ್ಲು ಮುರಿದ ಮೇಲೆ ಆ ಕಳಂಕಕ್ಕೆ ಹೊಸ ಮನೆ ಬೇಕಾಯಿತು. 1982ರ ಆಗಸ್ಟ್ 2ರ ‘ಟೈಮ್’ ಪತ್ರಿಕೆ ಹರ್ಪಿಸನ್ನು ಮುಖಪುಟಕ್ಕೇರಿಸಿ, ಅದನ್ನು ಇಂದಿನ ‘ಕೆಂಪು ಅಕ್ಷರ’ವೆಂದು ಕರೆಯಿತು. 1850ರ ಹಾಥಾರ್ನನ ಕಾದಂಬರಿಯಲ್ಲಿ ಹೆಸ್ಟರ್ ಎದೆಯ ಮೇಲೆ ಹೊತ್ತ ಅಕ್ಷರ ಅದು. ಅದೇ ವರ್ಷ ಅಮೆರಿಕದಲ್ಲಿ ಏಸೈಕ್ಲೊವಿರ್ ಮುಲಾಮಿಗೆ ಅನುಮತಿ ದೊರೆತಿತ್ತು. ಔಷಧಿಯ ಸುದ್ದಿಗಿಂತ ಅಕ್ಷರದ ಸುದ್ದಿ ದೂರ ಹೋಯಿತು.

ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ನನ್ನಲ್ಲಿಗೆ ಬಂದಿದ್ದ. ಒಬ್ಬಾಕೆಯ ಕೈಹಿಡಿದು ಅಪ್ಪಿಕೊಂಡಿದ್ದ, ಅಷ್ಟೆ. ಮೂರು ತಿಂಗಳು ನಿದ್ರೆಯಿಲ್ಲ. “ಡಾಕ್ಟರು ಏನೂ ಇಲ್ಲ ಅಂದ್ರು ಮೇಷ್ಟ್ರೇ, ಆದರೆ ನಂಬೋಕೇ ಆಗ್ತಿಲ್ಲ” ಎಂದ. ಅವನನ್ನು ಕಾಡುತ್ತಿದ್ದುದು ವೈರಸ್ಸಲ್ಲ, ತಪ್ಪು ಮಾಡಿದೆನೆಂಬ ಭಾವ. ಅದಕ್ಕೆ ರಕ್ತಪರೀಕ್ಷೆ ಎಲ್ಲಿದೆ?

ಹರ್ಪಿಸ್ ಅಲಕ್ಷಿಸುವ ಬೇನೆಯಲ್ಲ. ಒಮ್ಮೆ ಹೊಕ್ಕರೆ ನರಗಳಲ್ಲಿ ನೆಲೆಸುತ್ತದೆ. ಗುಳ್ಳೆ ಕಾಣದಿದ್ದಾಗಲೂ ಹರಡಬಲ್ಲದು. ನವಜಾತ ಶಿಶುಗಳಿಗೆ ಅಪಾಯಕಾರಿ. ಆದರೆ ಅದು ಹರಡುವುದು ಚರ್ಮದ, ಲೋಳೆಪೊರೆಯ ನೇರ ಸಂಪರ್ಕದಿಂದ. ಶೌಚಾಲಯದ ಆಸನದಿಂದಲೋ ಹಾಸಿಗೆಯ ಬಟ್ಟೆಯಿಂದಲೋ ಅಲ್ಲ. 50 ವರ್ಷದೊಳಗಿನವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಜನರಲ್ಲಿ ಇದರ ಮೊದಲ ಬಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲೋಕದ ಬಹುಪಾಲು ಜನರಲ್ಲಿರುವುದು ಯಾರೊಬ್ಬರ ಪಾಪದ ಗುರುತಾದೀತೇ?

ಶಂಕೆ ಬಂದವರು ಸಂಕೋಚ ಬಿಟ್ಟು ವೈದ್ಯರನ್ನು ಕೇಳಲಿ; ಕೇಳಿದ ಮೇಲೆ ಉತ್ತರವನ್ನು ನಂಬಲಿ. ಕೇಳಲು ಬಂದವರನ್ನು ನಾಚಿಸದಿರುವುದು ಉಳಿದ ನಮ್ಮೆಲ್ಲರ ಕೆಲಸ.