ಪೇಟಿ ಮಾಸ್ತರರ ಸಂಗೀತ: ದಾವಣಗೆರೆ ಸೀಮೆಯ ನಾಟಕದ ಹಾಡು ಬೆಳೆದ ಬಗೆ

ಕಂಪನಿ ನಾಟಕದ ಬಗ್ಗೆ ವಿಚಾರ ಸಂಕಿರಣ ನಡೆದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ಆ ಹಾಡುಗಳಲ್ಲಿ ಸ್ವಂತದ್ದು ಏನಿದೆ? ಮೊದಲು ಮರಾಠಿ ಮಟ್ಟು, ಆಮೇಲೆ ಹಿಂದಿ ಸಿನಿಮಾದ ಮಟ್ಟು, ಎಲ್ಲ ಎತ್ತಿದ್ದೇ ಅಲ್ಲವೇ? ಈಚೆಗೆ ಇದನ್ನೇ ನಯವಾಗಿ 'ಸಂಕರ ಸಂಸ್ಕೃತಿ' ಎಂದು ಹೊಗಳುವವರೂ ಹುಟ್ಟಿಕೊಂಡಿದ್ದಾರೆ. ಬೈಗುಳ ಹೋಗಿ ಶಾಲು ಬಂದಿದೆ, ಅಷ್ಟೇ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅಚ್ಚಾದ ನಾಟಕದ ಪುಸ್ತಕ ತೆರೆದು, ಹಾಡಿನ ತಲೆಯ ಮೇಲಿರುವ 'ರಾಗ, ತಾಳ, ಧಾಟಿ' ಎಂಬ ಒಂದು ಸಾಲು ನೋಡಿ ತೀರ್ಪು ಕೊಟ್ಟವರು. ಆ ಸಾಲನ್ನು ಹಿಡಿದು ಪೇಟಿಯ (ಹಾರ್ಮೋನಿಯಂನ) ಮುಂದೆ ಕೂತವನು ಏನೇನು ಮಾಡಿದ ಎನ್ನುವುದು ಪುಸ್ತಕದಲ್ಲಿಲ್ಲ. ಹರೆಯದಲ್ಲಿ ಕಂಪನಿಗಳಲ್ಲಿ ತಬಲಾ ನುಡಿಸಿ, ಆಮೇಲೆ ಊರಲ್ಲಿ ನಿಂತು ಈ ಹಾಡುಗಳ ಬೆನ್ನು ಹತ್ತಿದವನು ನಾನು. ಈ ಲೇಖನ ಆ ಕೂತವನ ಪರವಾಗಿ.

ಮೊದಲ ಘಟ್ಟದ ಬಗ್ಗೆ ಬರೆದವರು ಸಾಕಷ್ಟಿರುವುದರಿಂದ ಅದನ್ನು ಬೇಗ ದಾಟುತ್ತೇನೆ. 1870ರ ದಶಕದಲ್ಲಿ ಗದಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಮರಾಠಿ ನಾಟಕದ ಅಬ್ಬರಕ್ಕೆ ಎದುರಾಗಿ ಕನ್ನಡ ಮಂಡಳಿ ಕಟ್ಟಿದರು. 1880ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ 'ಸಂಗೀತ ಶಾಕುಂತಲ' ರಂಗಕ್ಕೆ ಬಂತು. 'ಮರಾಠಿಯಿಂದ ತಂದರು' ಎನ್ನುವವರು ಎರಡು ಸಂಗತಿ ನೆನಪಿಡಬೇಕು. ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು ಉತ್ತರ ಕನ್ನಡದ ಭಾಗವತರ ಮೇಳ ಅಲ್ಲಿಗೆ ಹೋಗಿ ಆಡಿ ಬಂದ ಮೇಲೆ. ಅಣ್ಣಾಸಾಹೇಬರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮ ಹರಿಹರದವರಿಗೆ ಕಿರ್ಲೋಸ್ಕರ್ ಅಂದರೆ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಲೇತ್ ಮಷಿನ್, ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್. ಆ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರೂ ಅದೇ ಗುರ್ಲಹೊಸೂರಿನವರು. ಕೊಡುಕೊಳ್ಳುವಿಕೆ ಎಲ್ಲಿ ಶುರುವಾಯಿತು, ಯಾರ ಋಣ ಯಾರ ಮೇಲಿದೆ ಎಂದು ಲೆಕ್ಕ ಹಾಕಲು ಕೂತರೆ ಬೆಳಗಾಗುತ್ತದೆ.

ದಕ್ಷಿಣದಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಮೈಸೂರಿನಲ್ಲಿ ಎ.ವಿ. ವರದಾಚಾರ್ಯರು ಗಾಯಕ ನಟ ಎಂದರೆ ಏನು ಎಂದು ತೋರಿಸಿದರು. ಉತ್ತರದಲ್ಲಿ ಕೊಣ್ಣೂರು ಕಂಪನಿ, ಶಿರಹಟ್ಟಿಯವರು, ವಾಮನರಾವ್ ಮಾಸ್ತರರು, ಗದಗಿನ ಗರುಡ ಸದಾಶಿವರಾಯರು. ವಾಮನರಾಯರ ಕಂಪನಿಗೆ ಬಾಲನಟನಾಗಿ ಸೇರಿದ ಹುಡುಗನೇ ಮುಂದೆ ಮಲ್ಲಿಕಾರ್ಜುನ ಮನಸೂರ ಆದದ್ದು. ಈ ಎರಡು ಪ್ರವಾಹಗಳು ಕೂಡಿದ್ದು ಎಲ್ಲಿ ಎಂಬ ಪ್ರಶ್ನೆಯನ್ನು ಚರಿತ್ರೆ ಬರೆದವರು ಕೇಳಿಕೊಳ್ಳಲಿಲ್ಲ. ಬೆಂಗಳೂರಲ್ಲಿ ಕೂತವರು ಗುಬ್ಬಿಯನ್ನೂ ಧಾರವಾಡದಲ್ಲಿ ಕೂತವರು ಗರುಡರನ್ನೂ ಬರೆದರು. ನಡುವೆ ಹರಿಯುವ ತುಂಗಭದ್ರೆ ಆಗ ಮೈಸೂರು ಸಂಸ್ಥಾನಕ್ಕೂ ಮುಂಬೈ ಪ್ರಾಂತ್ಯಕ್ಕೂ ಗಡಿ. ಹರಿಹರ ಈಚೆ ದಡ, ರಾಣೆಬೆನ್ನೂರು ಸೀಮೆ ಆಚೆ. ಬೆಂಗಳೂರು-ಪುಣೆ ರೈಲು ಈ ಗಡಿಯನ್ನು ದಾಟುತ್ತಿತ್ತು, ಅದರ ಜೊತೆ ಕಂಪನಿಗಳ ಪರದೆ, ಟ್ರಂಕು, ಪೇಟಿ ಕೂಡ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ದಾವಣಗೆರೆಯಲ್ಲಿ ಥೇಟರು ಹಾಕದ ಕಂಪನಿಯನ್ನು ಕಂಪನಿ ಎಂದು ನಮ್ಮೂರಿನವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಇಲ್ಲಿನ ಪ್ರೇಕ್ಷಕನ ಕಿವಿ ಎರಡೂ ಕಡೆಯದು. ಅದೇ ಜನ ಒಂದು ಕ್ಯಾಂಪಿನಲ್ಲಿ ಭೀಮಪಲಾಸ, ಜೋಗಿಯಾ, ಪೀಲು ಕೇಳಿ, ಮುಂದಿನ ಕ್ಯಾಂಪಿನಲ್ಲಿ ಮೋಹನ, ಕಾಂಬೋಧಿ ಕೇಳುವವರು. ಹಾಗಾಗಿ ಈ ಸೀಮೆಯಲ್ಲಿ ನಿಂತ ಪೇಟಿ ಮಾಸ್ತರ ಎರಡೂ ಬಲ್ಲವನಾಗಬೇಕಿತ್ತು. ಭೂಪಕ್ಕೂ ಮೋಹನಕ್ಕೂ, ಮಾಲಕೌಂಸಕ್ಕೂ ಹಿಂದೋಳಕ್ಕೂ ಸ್ವರ ಒಂದೇ, ನಡಿಗೆ ಬೇರೆ. ಗಮಕ ಹಾಕುವ ಮೈಸೂರಿನ ನಟ, ಮೀಂಡ್ ಎಳೆಯುವ ಗದಗಿನ ನಟಿ ಒಂದೇ ದೃಶ್ಯದಲ್ಲಿ ಯುಗಳಗೀತೆ ಹಾಡಬೇಕಾಗಿ ಬಂದರೆ ನಡುವೆ ಸೇತುವೆ ಕಟ್ಟುವವನು ಮಾಸ್ತರ. ಆತ ಮಟ್ಟನ್ನು ಇದ್ದ ಹಾಗೇ ಉಳಿಸಿದ್ದರೆ ಇಬ್ಬರಲ್ಲಿ ಒಬ್ಬರು ಅಪಸ್ವರವಾಗಬೇಕಿತ್ತು.

ಬೇರೆಯವರ ಮಟ್ಟಿನ ಮೇಲೆ ಹಾಡು ಕಟ್ಟುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ ಎಂದು ತೋರಿಸಲು ಇಲ್ಲಿ ನಮ್ಮ ಊರು ಬಿಟ್ಟು ದೂರ ಹೋಗಬೇಕಾಗಿದೆ. 18ನೆಯ ಶತಮಾನದ ಪ್ಯಾರಿಸ್ಸಿಗೆ. ಅಲ್ಲಿಯ ಜಾತ್ರೆಗಳಲ್ಲೂ ನಾಟಕಗಳಿದ್ದವು: ನಡುನಡುವೆ ಮಾತು, ನಡುನಡುವೆ ಹಾಡು. ರಾಜಾಶ್ರಯದ ದೊಡ್ಡ ಒಪೆರಾದಲ್ಲಿ ಮಾತೂ ಹಾಡಿನಲ್ಲೇ ಸಾಗುತ್ತಿತ್ತು. ಜಾತ್ರೆಯವರು ಮಾತನ್ನು ಮಾತಾಗಿ ಬಿಟ್ಟು, ಜನರ ಬಾಯಲ್ಲಿದ್ದ ಹಳೆಯ ಮಟ್ಟುಗಳಿಗೆ ಹೊಸ ಸಾಹಿತ್ಯ ಕೂಡಿಸಿ ಹಾಡುತ್ತಿದ್ದರು. ಪುಸ್ತಕದಲ್ಲಿ ಹಾಡಿನ ಮೇಲೆ 'ಇಂಥ ಹಾಡಿನ ಧಾಟಿ' ಎಂದು ಅಚ್ಚು ಹಾಕುತ್ತಿದ್ದರು. ನಮ್ಮದೇ ಪುಸ್ತಕ ಎನಿಸುವಷ್ಟು ಹೋಲಿಕೆ! 1750ರ ನಂತರ ಡೂನಿ, ಫಿಲಿಡೋರ್, ಮೊನ್ಸಿನ್ಯಿ ಮುಂತಾದವರು ಈ ನಾಟಕಗಳಿಗೆ ಹೊಸದಾಗಿಯೇ ಸಂಗೀತ ಬರೆಯತೊಡಗಿದರು. ಚದುರಂಗ ಆಡುವವರು ಬಲ್ಲ ಫಿಲಿಡೋರ್ ಇವನೇ. ಈ ಪರಂಪರೆಯ ಶಿಖರ ಆಂದ್ರೆ ಗ್ರೆಟ್ರಿ. ಹುಟ್ಟಿದ್ದು 1741ರಲ್ಲಿ, ಇಂದಿನ ಬೆಲ್ಜಿಯಂನ ಲಿಯೇಜ್‌ನಲ್ಲಿ. ರೋಮಿನಲ್ಲಿ ಕಲಿತು, ಜಿನೀವಾದಲ್ಲಿ ವೋಲ್ತೇರನನ್ನು ಕಂಡು, ಅವನ ಮಾತಿನಂತೆ ಪ್ಯಾರಿಸ್ಸಿಗೆ ಬಂದವನು. 1768ರಲ್ಲಿ ವೋಲ್ತೇರನ ಕತೆಯನ್ನೇ ಆಧರಿಸಿದ 'ಲ ಹ್ಯೂರಾನ್' ಅವನಿಗೆ ಹೆಸರು ತಂದಿತು. 1771ರ 'ಝೆಮೀರ್ ಎ ಅಝೋರ್', 1784ರ 'ರಿಚರ್ಡ್ ಕ್ಯೋರ್ ದ ಲಿಯೋಂ' ಯೂರೋಪೆಲ್ಲ ಓಡಾಡಿದವು.

ಗ್ರೆಟ್ರಿಯನ್ನು ಪಂಡಿತರು ಪೂರ್ತಿ ಒಪ್ಪಲಿಲ್ಲ. ಅವನ ವಾದ್ಯಮೇಳ ತೆಳು, ಮೇಲಿನ ಸ್ವರಕ್ಕೂ ಕೆಳಗಿನ ಸ್ವರಕ್ಕೂ ನಡುವೆ ಸಾರೋಟು ಹೊಡೆಯಬಹುದು ಎಂದು ಗೇಲಿ ಮಾಡಿದರು. ಗೇಲಿಯಲ್ಲಿ ಸತ್ಯವೂ ಇತ್ತು. ಆದರೆ ಅವನು ಮಾಡಿದ ಕೆಲಸ ಬೇರೆ. ಕೊಮೆದಿ ಫ್ರಾಂಸೇಸ್ ರಂಗಮಂದಿರಕ್ಕೆ ಹೋಗಿ ಕೂತು ನಟರು ಮಾತಾಡುವಾಗ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಕಿವಿಗೊಟ್ಟು ಕೇಳಿದ. ಮಾತು ತಾನಾಗಿ ಹಾಡಾಗುವ ಹಾಗೆ ರಾಗ ಕಟ್ಟಿದ. 'ರಿಚರ್ಡ್'ನಲ್ಲಿ ಸೆರೆಯಲ್ಲಿರುವ ರಾಜನನ್ನು ಪತ್ತೆ ಮಾಡಲು ಅವನ ಗಾಯಕ ಕೋಟೆಯ ಕೆಳಗೆ ನಿಂತು ಹಳೆಯ ಹಾಡೊಂದನ್ನು ಹಾಡುತ್ತಾನೆ, ಒಳಗಿನಿಂದ ರಾಜ ದನಿಗೂಡಿಸುತ್ತಾನೆ. ಅದೇ ಮಟ್ಟು ನಾಟಕದುದ್ದಕ್ಕೂ ಬೇರೆ ಬೇರೆ ಸಂದರ್ಭದಲ್ಲಿ ಮರಳಿ ಬರುತ್ತದೆ. ಬೀಥೋವನ್ ಆ ಮಟ್ಟಿನ ಮೇಲೆ ಪಿಯಾನೊಗೆ ವೈವಿಧ್ಯಗಳನ್ನು ಬರೆದಿದ್ದಾನೆ. ಬೀಥೋವನ್ 'ಎತ್ತಿದ' ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಗ್ರೆಟ್ರಿಗೆ ಇನ್ನೊಂದು ಜಾಣತನವಿತ್ತು. ತಾನು ಯಾವ ಹಾಡನ್ನು ಯಾಕೆ ಹಾಗೆ ಕಟ್ಟಿದೆ ಎಂದು ತಾನೇ ಬರೆದಿಟ್ಟ. ಅವನ ಸಂಗೀತ ಸ್ಮೃತಿಗಳು 1789ರಲ್ಲಿ ಅಚ್ಚಾದವು, 1797ರಲ್ಲಿ ಮೂರು ಸಂಪುಟಗಳಾಗಿ ಬೆಳೆದವು. ಅವನು ತೀರಿಕೊಂಡದ್ದು 1813ರಲ್ಲಿ. ಎಪ್ಪತ್ತು ವರ್ಷ ಕಳೆದ ಮೇಲೆ, 1884ರಲ್ಲಿ, ಬೆಲ್ಜಿಯಂ ಸರ್ಕಾರ ಅವನ ಸಮಗ್ರ ಸಂಗೀತವನ್ನು ಸ್ವರಲಿಪಿಯಲ್ಲಿ ಅಚ್ಚು ಹಾಕಿಸಲು ತೊಡಗಿತು. ಗುಬ್ಬಿ ಕಂಪನಿ ಹುಟ್ಟಿದ ವರ್ಷವೂ ಅದೇ. ಗುಬ್ಬಿಯ ಮೊದಲ ನಾಟಕಗಳ ಸಂಗೀತಕ್ಕೆ ಅಂಥ ಸಂಪುಟ ಒಂದೂ ಇಲ್ಲ.

ಇನ್ನು ಪೇಟಿ. ಅದೂ ಪ್ಯಾರಿಸ್ಸಿನದೇ. 1842ರಲ್ಲಿ ಅಲೆಕ್ಸಾಂದ್ರ ದಬೆಂ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ಕೈಯಲ್ಲಿ ತಿದಿ ಒತ್ತುವ ಪುಟ್ಟ ಪೆಟ್ಟಿಗೆಯಾಗಿ ಮಾಡಿದರು. ನಾಟಕದವರು ಮಾತ್ರ ಬಹುಕಾಲ ಕಾಲುಪೇಟಿಯನ್ನೇ ಇಟ್ಟುಕೊಂಡರು. ಕಾರಣ ಸರಳ. ಕಾಲಿನಿಂದ ತಿದಿ ತುಳಿದರೆ ಎರಡು ಕೈಯೂ ಬಿಡುವು. ಬಲಗೈ ನಟನ ಹಿಂದೆ ಹೋಗುತ್ತದೆ, ಎಡಗೈ ಕೆಳಸ್ಥಾಯಿಯಲ್ಲಿ ಆಧಾರ ಹಿಡಿಯುತ್ತದೆ. ಮಾಸ್ತರ ಕೂರುವುದು ರಂಗದ ಮುಂದೆ ತಗ್ಗಿನಲ್ಲಿ, ಪ್ರೇಕ್ಷಕರಿಗೆ ಬೆನ್ನು, ನಟನ ಮುಖಕ್ಕೆ ಕಣ್ಣು. ರಾಜ ಕತ್ತಿ ಹಿರಿದು ಗದ್ಯ ಮುಗಿಸುವ ಮೊದಲೇ, ಕೊನೆಯ ಎರಡು ಮಾತಿನ ಹಿಂದೆ ಷಡ್ಜವನ್ನು ಮೆಲ್ಲಗೆ ಬಿಟ್ಟು ನಟನನ್ನು ಹಾಡಿಗೆ ಎತ್ತಿಕೊಳ್ಳುವುದು ಅವನ ಕೆಲಸ. ಅವತ್ತು ನಟನಿಗೆ ನೆಗಡಿಯಾಗಿದ್ದರೆ ಕರಿ ಎರಡರ ಹಾಡನ್ನು ಕರಿ ಒಂದಕ್ಕೆ ಇಳಿಸಬೇಕು, ಅದೂ ತಾರಸ್ಥಾಯಿಯ ಸಾಲು ಸಪ್ಪೆಯಾಗದ ಹಾಗೆ. 'ಒನ್ಸ್ ಮೋರ್' ಬಂದರೆ ಎರಡನೆಯ ಸಲ ತಾನುಗಳನ್ನು ಬದಲಿಸಿ ಕೊಡಬೇಕು. ನಾನು ತಬಲಾ ನುಡಿಸಿದ ಮಾಸ್ತರರೊಬ್ಬರು ಶೋಕದ ಹಾಡಿಗೆ ನನ್ನನ್ನು ಮೊದಲ ಸಾಲಿನ ತನಕ ಸುಮ್ಮನಿರಿಸುತ್ತಿದ್ದರು. ದನಿ ಒಡೆದ ಮೇಲೆ ಹುಬ್ಬು ಕುಣಿಸಿದರೆ ದಾದರಾ ಶುರು. ಗ್ರೆಟ್ರಿ ನಾಟಕಶಾಲೆಯಲ್ಲಿ ಕೂತು ಕೇಳಿಸಿಕೊಂಡದ್ದನ್ನು ಇವರು ದಿನಾ ರಾತ್ರಿ ಕೇಳಿಸಿಕೊಳ್ಳುತ್ತಿದ್ದರು.

ಇಂಥ ವಾದ್ಯವನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತು. ಶ್ರುತಿಭೇದ ತೋರಿಸಲಾರದು, ಗಮಕ ನುಡಿಸಲಾರದು ಎಂಬ ಆಕ್ಷೇಪ. 1971ರವರೆಗೆ ನಿಷೇಧ ನಡೆಯಿತು. ಆಕ್ಷೇಪದಲ್ಲಿ ಹುರುಳಿತ್ತು, ಫಲ ಮಾತ್ರ ಕೆಟ್ಟದಾಯಿತು. ನಾಟಕದ ಮಾಸ್ತರರು ತಮ್ಮ ಉತ್ತುಂಗದಲ್ಲಿದ್ದ ಮೂವತ್ತು ವರ್ಷಗಳಲ್ಲಿ ಅವರ ಪೇಟಿಯ ದನಿ ರೇಡಿಯೊದ ಬಾಗಿಲು ದಾಟಲಿಲ್ಲ, ಧ್ವನಿಭಂಡಾರಕ್ಕೂ ಸೇರಲಿಲ್ಲ.

ಆ ಉತ್ತುಂಗದ ಕಾಲವೇ ದಾವಣಗೆರೆಯ ಕಾಲ. ಹತ್ತಿ ಗಿರಣಿಗಳ ಊರು, ಪಾಳಿ ಮುಗಿಸಿ ಬಂದವನ ಕೈಯಲ್ಲಿ ಟಿಕೆಟ್ಟಿಗೆ ಕಾಸಿದ್ದ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಗುರು ಕರಿಬಸವ ರಾಜೇಂದ್ರಸ್ವಾಮಿ ನಾಟಕ ಸಂಘ, ಎಲ್ಲರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿ, ಈ ಊರಿನದೇ. ಅವರ ಮಗಳು ಚಿಂದೋಡಿ ಲೀಲಾ 'ಪೊಲೀಸನ ಮಗಳು' ಮೊದಲಾದ ನಾಟಕಗಳಿಂದ ನಾಡೆಲ್ಲ ಹೆಸರಾದರು. 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಲೀಲಮ್ಮನವರ ಅಭಿನಯದ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ. ಅವರ ಹಾಡುಗಳಿಗೆ ಸ್ವರ ಕೂಡಿಸಿದವರ ಬಗ್ಗೆ ಒಂದು ಪುಟ ಹುಡುಕಿ ನೋಡಿ.

ಈ ಮಾಸ್ತರರಲ್ಲಿ ಹಲವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ನನ್ನ ಒಲವು ಈ ಘರಾಣೆಯ ಕಡೆಗೆ, ಮುಚ್ಚಿಡುವುದಿಲ್ಲ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಪುಟ್ಟರಾಜರು ನಾಟಕ ಬರೆದರು, ಹಾರ್ಮೋನಿಯಂ, ತಬಲಾ, ಸಾರಂಗಿ ನುಡಿಸಿದರು. ಅಲ್ಲಿಂದ ಹೊರಟವರಿಗೆ ರಾಗದ ಶುದ್ಧಿಯೂ ಗೊತ್ತು, ಗ್ಯಾಲರಿಯ ಶಿಳ್ಳೆಯೂ ಗೊತ್ತು. ಕಂದಗಲ್ ಹನುಮಂತರಾಯರ ಪೌರಾಣಿಕ ಗದ್ಯದ ಏರಿಳಿತಕ್ಕೆ, ಆಮೇಲೆ ಧುತ್ತರಗಿಯವರ ಸಾಮಾಜಿಕ ನಾಟಕದ ಮನೆಮಾತಿಗೆ ಹೊಂದುವ ಹಾಡು ಕಟ್ಟಿದವರು ಇವರು. ಆದರೆ ಒಂದು ಕೊರತೆಯೂ ಅಲ್ಲಿಂದಲೇ ಬಂತು. ಇವರಲ್ಲಿ ಅನೇಕರು ಗುರುಗಳಂತೆ ಅಂಧರು. ನೂರಾರು ಹಾಡು ನಾಲಿಗೆಯ ಮೇಲೆ, ಕಾಗದದ ಮೇಲೆ ಏನೂ ಇಲ್ಲ. ಕಣ್ಣಿದ್ದವರೂ ಬರೆದಿಟ್ಟದ್ದು ಕಡಿಮೆ, ಯಾಕೆಂದರೆ ಮಟ್ಟೇ ಮಾಸ್ತರನ ಬಂಡವಾಳ. ಬರೆದು ಕೊಟ್ಟರೆ ಮಾಲೀಕ ಇನ್ನೊಬ್ಬನನ್ನು ಕೂರಿಸಬಹುದಲ್ಲ!

ಮೈಕು ಬಂದ ಮೇಲೆ ಹಾಡಿನ ಮೈಕಟ್ಟೇ ಬದಲಾಯಿತು. ಕೊನೆಯ ಬೆಂಚಿಗೆ ಕೇಳಲೆಂದು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದವರು ಇಳಿದರು, ದನಿ ಮೆತ್ತಗಾಯಿತು, ತೂಗುಹಾಕಿದ ಮೈಕಿನ ಕೆಳಗೆ ನಟರು ಗುಂಪಾದರು. ಆಮೇಲಿನ ಸಿನಿಮಾ ಮಟ್ಟಿನ ಕಾಲ, ಕ್ಯಾಸಿಯೊ ಕೀಬೋರ್ಡಿನ ಕಾಲ, ರೆಕಾರ್ಡ್ ಡ್ಯಾನ್ಸಿನ ಕಾಲ ಎಲ್ಲರಿಗೂ ಗೊತ್ತಿರುವುದೇ. 'ಎಲ್ಲ ಎತ್ತಿದ್ದೇ' ಎಂಬ ಆರೋಪ ನಿಜವಾಗಿ ಹೊಂದುವುದು ಈ ಕೊನೆಯ ಘಟ್ಟಕ್ಕೆ. ವಿಮರ್ಶಕರು ಅದನ್ನು ಹಿಂದಕ್ಕೆ ಎಳೆದು ನೂರು ವರ್ಷಕ್ಕೂ ಹೊದಿಸಿದ್ದಾರೆ.

ಹವ್ಯಾಸಿ ರಂಗಭೂಮಿಯ ಸಂಗೀತದ ಚರಿತ್ರೆ ಬಿ.ವಿ. ಕಾರಂತರಿಂದ ಶುರುವಾಗುವುದು ವಾಡಿಕೆ. ಕಾರಂತರು ದೊಡ್ಡವರು, ಸಂದೇಹವಿಲ್ಲ. ಆದರೆ ಬಾಲ್ಯದಲ್ಲೇ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದ ಹುಡುಗ ಅವರು. ಅಲ್ಲಿ ಕಿವಿಗೆ ಬಿದ್ದದ್ದೇ ಮುಂದೆ 'ಹಯವದನ', 'ಸತ್ತವರ ನೆರಳು' ನಾಟಕಗಳಲ್ಲಿ ಬೇರೆ ರೂಪ ಪಡೆಯಿತು. ಕಾರಂತರೇ ನೆನೆಯುತ್ತಿದ್ದ ಆ ಋಣವನ್ನು ಅವರ ಹಿಂಬಾಲಕರು ಅಡಿಟಿಪ್ಪಣಿಗೂ ತರಲಿಲ್ಲ. ಹಳೆಯ ಕಂಪನಿ ಹಾಡುಗಳನ್ನು ಹೊಸಬರಿಗೆ ಕಲಿಸಿದ ಆರ್. ಪರಮಶಿವನ್ ಅಂಥವರು ಇಲ್ಲದಿದ್ದರೆ ದಕ್ಷಿಣದ ಹಾಡುಗಳೂ ಹೋಗಿರುತ್ತಿದ್ದವು. ಬಳ್ಳಾರಿಯ ಗಾಯಕ ನಟಿ ಸುಭದ್ರಮ್ಮ ಮನ್ಸೂರ್ 2020ರಲ್ಲಿ ಹೋದಾಗ ಅವರೊಡನೆ ಎಷ್ಟು ಹಾಡು ಹೋದವೋ!

ಈಗ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವನ್ನು ಸರ್ಕಾರ ದಾವಣಗೆರೆಗೆ ಕೊಟ್ಟಿದೆ. ನಾಟಕೋತ್ಸವ ನಡೆಯಲಿ, ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ಬದುಕಿರುವ ಮಾಸ್ತರರನ್ನೂ ಹಾಡುಗಾರ್ತಿಯರನ್ನೂ ಕೂರಿಸಿ, ಒಂದೊಂದು ಹಾಡನ್ನು ಧ್ವನಿಮುದ್ರಿಸಿ, ಭಾತಖಂಡೆ ಪದ್ಧತಿಯಲ್ಲೋ ಇನ್ನೊಂದರಲ್ಲೋ ಸ್ವರಲಿಪಿಗೆ ಇಳಿಸಿ, ಮೇಲೆ ಸಂಯೋಜಕನ ಹೆಸರು ಬರೆಯಬೇಕು. ಮೂಲ ಮಟ್ಟು ಯಾವುದು, ಮಾಸ್ತರ ಅದನ್ನು ಏನು ಮಾಡಿದ ಎಂದು ಅಕ್ಕಪಕ್ಕ ಇಟ್ಟು ತೋರಿಸಿದರೆ 'ಎತ್ತಿದ್ದೇ' ಎಂಬ ವಾದ ಅಲ್ಲೇ ತೀರ್ಮಾನವಾಗುತ್ತದೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆ ಯಾರದಾದರೂ ಮನೆಯ ಅಟ್ಟದಲ್ಲಿ ಹಾಡಿನ ಹಳೆಯ ಕೈಬರಹದ ಪುಸ್ತಕ, ಕ್ಯಾಸೆಟ್ಟು, ಕಂಪನಿಯ ಹ್ಯಾಂಡ್‌ಬಿಲ್ಲು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ರಂಗಾಯಣಕ್ಕೆ ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ, ಅದರ ಮೇಲೆ ಮಾಸ್ತರರ ಹೆಸರು ಬರೆಸಿ.