ಅರ್ಫಜಾರ ಮೂಗು, ಕಾಬೂಲಿನ ಕಾಲು

ಚಿನ್ನದ ಗಣಿಯ ನಾಡಿನವರಾದ ನಮಗೆ ಚಿನ್ನದ ಕುರಿತಾದ ಹದೀಸ್‌ಗಳು ಬೇಗನೆ ನೆನಪಿಗೆ ಬರುತ್ತವೆ. ಪುರುಷರಿಗೆ ಚಿನ್ನ ನಿಷಿದ್ಧವೆಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಒಬ್ಬ ಸಹಾಬಿ ಮುಖದ ನಡುವೆಯೇ ಚಿನ್ನ ಧರಿಸಿದ್ದರು, ಅದೂ ಪ್ರವಾದಿವರ್ಯರ(ಸ) ಆದೇಶದಂತೆ.

ಹಝ್ರತ್ ಅರ್ಫಜಾ ಬಿನ್ ಅಸ್‌ಅದ್(ರ) ಅಜ್ಞಾನಕಾಲದ ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡರು. ಬೆಳ್ಳಿಯ ಮೂಗೊಂದನ್ನು ಮಾಡಿಸಿಕೊಂಡರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ(ಸ) ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಅವರಿಗೆ ಹೇಳಿದರು. ಅಬೂದಾವೂದ್, ತಿರ್ಮಿಝಿ, ನಸಾಈ ಗ್ರಂಥಗಳು ಇದನ್ನು ವರದಿ ಮಾಡಿವೆ.

ಕಳೆದುಹೋದ ಅಂಗದ ಜಾಗದಲ್ಲಿ ಇನ್ನೊಂದು ಬಂದಿತ್ತು. ಲೆಕ್ಕ ಬರೆಯುವವನಿಗೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಧರಿಸಿದವನಿಗೆ ಅದು ಒಗ್ಗಿದೆಯೇ ಎಂಬ ಪ್ರಶ್ನೆ ಉಳಿದಿತ್ತು. ಪ್ರವಾದಿ(ಸ) ಆ ಪ್ರಶ್ನೆಗೆ ಉತ್ತರಿಸಿದರು, ಸಾಮಾನ್ಯ ನಿಷೇಧಕ್ಕೇ ಅಲ್ಲೊಂದು ವಿನಾಯಿತಿ ಕೊಟ್ಟು.

ನಮ್ಮ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಉರ್ವಾ ಬಿನ್ ಝುಬೈರ್‌ರ ಕಥೆ. ಹಝ್ರತ್ ಅಸ್ಮಾರ(ರ) ಮಗ, ಮದೀನಾದ ಏಳು ಮಹಾ ಫಕೀಹರಲ್ಲೊಬ್ಬರು. ಖಲೀಫಾ ವಲೀದ್‌ರ ಬಳಿಗೆ ಹೋದ ಪ್ರಯಾಣದಲ್ಲಿ ಅವರ ಕಾಲು ಕೊಳೆತು ಕತ್ತರಿಸಬೇಕಾಯಿತು. ಅದೇ ಪ್ರಯಾಣದಲ್ಲಿ ಮಗನೊಬ್ಬ ಪ್ರಾಣಿಯ ಒದೆತಕ್ಕೆ ಸಿಕ್ಕಿ ತೀರಿಕೊಂಡನು. ಒಂದನ್ನು ತೆಗೆದುಕೊಂಡು ಮೂರು ಅಂಗಗಳನ್ನು ಉಳಿಸಿದ ಅಲ್ಲಾಹನನ್ನು ಅವರು ಸ್ತುತಿಸಿದರು. ಮಹಾನ್ ಸಹನೆಯದು, ಸಂದೇಹವಿಲ್ಲ. ಆದರೆ ಉರ್ವಾ ತಮ್ಮ ಸಹನೆಯನ್ನು ತಾವೇ ಆಯ್ದುಕೊಂಡವರು. ಕಾಲಿಲ್ಲದವನ ಮುಂದೆ ಕಾಲಿದ್ದವನು ನಿಂತು ಆ ಕಥೆಯನ್ನು ಹೇಳುವುದು ಬೇರೆಯೇ ಮಾತು. ನಾವೂ ಹಾಗೆ ಹೇಳಿದ್ದೇವೆ. ಅರ್ಫಜಾರ ಹದೀಸನ್ನು ಮಾತ್ರ ಚಿನ್ನದ ಮಸ್‌ಅಲಾ ಬಂದಾಗ ಓದಿ ಪುಟ ತಿರುವಿದ್ದೇವೆ.

ಕೋರಮಂಡಲ್, ಚಾಂಪಿಯನ್ ರೀಫ್, ಮಾರಿಕುಪ್ಪಂ ಪ್ರದೇಶದವರಿಗೆ ನೆಲದಡಿಯ ಅಪಾಯವನ್ನು ವಿವರಿಸಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಬೀಗ ಬೀಳುವವರೆಗೆ ಇಲ್ಲಿಯ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಒತ್ತಡ ತಾಳದ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎಂದರು. ಬಂಡೆಯಡಿ ಸಿಕ್ಕ ಕೈಕಾಲಿಗೆ ಬೆಲೆ ಕಟ್ಟುವ ಪಟ್ಟಿಯೂ ಇತ್ತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯು ಕಾಲು ಮಂಡಿಯ ಮೇಲೆ ತುಂಡಾಯಿತೇ, ಕೆಳಗೆಯೇ, ಉಳಿದ ಮೋಟು ಎಷ್ಟು ಉದ್ದ ಎಂದು ಅಳೆದು, ಕಳೆದುಹೋದ ಗಳಿಕೆಯ ಶಕ್ತಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಿತ್ತು. ಆ ಮನುಷ್ಯ ಮುಂದೆ ಹೇಗೆ ಕೂರುವನು, ಎಲ್ಲಿಗೆ ಹೋಗುವನು ಎಂಬುದಕ್ಕೆ ಪಟ್ಟಿಯಲ್ಲಿ ಅಂಕಣವಿರಲಿಲ್ಲ.

ಉರ್ದುವಿನಲ್ಲಿ ನೆಲಬಾಂಬಿಗೆ 'ಬಾರೂದಿ ಸುರಂಗ್' ಎನ್ನುತ್ತಾರೆ. ಕೋಟೆಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬುತ್ತಿದ್ದ ಕಾಲದ ನೆನಪು ಆ ಪದದಲ್ಲಿದೆ. ಗಣಿಯ ಸುರಂಗಕ್ಕೆ ಇಳಿಯುವವನಿಗೆ ಅಪಾಯ ಗೊತ್ತಿರುತ್ತದೆ. ಅಫ್ಘಾನಿಸ್ತಾನದಲ್ಲಿ 1979ರ ಸೋವಿಯತ್ ಆಕ್ರಮಣದ ನಂತರ ಹುಗಿದ ಸುರಂಗಗಳು, ಸೈನ್ಯ ಹೊರಟುಹೋದ ಮೇಲೂ, ಕುರಿ ಮೇಯಿಸುವ ಹುಡುಗನ ಕಾಲಿಗಾಗಿ ಕಾದವು.

ಕಾಬೂಲಿನಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1988ರಲ್ಲಿ ಕೃತಕ ಅಂಗಗಳ ಕೇಂದ್ರ ತೆರೆಯಿತು. 1990ರಲ್ಲಿ ಇಟಲಿಯ ಆಲ್ಬರ್ಟೋ ಕೈರೋ ಅಲ್ಲಿಗೆ ಬಂದು ದಶಕಗಳ ಕಾಲ ನೆಲೆಸಿದರು. ಅಲ್ಲಿಯ ಕ್ರಮವೊಂದು ನಮ್ಮನ್ನು ಬಹಳ ಯೋಚಿಸುವಂತೆ ಮಾಡಿದೆ: ಕಾಲು ತಯಾರಿಸುವವರು, ನಡೆಯಲು ಕಲಿಸುವವರು ಬಹುಪಾಲು ಸ್ವತಃ ಅಂಗವಿಕಲರು. ಎಲ್ಲಿ ಉಜ್ಜುತ್ತದೆ, ಎಲ್ಲಿ ಬೆವರು ಹುಣ್ಣಾಗುತ್ತದೆ ಎಂದು ಅವರಿಗೆ ವಿವರಿಸಬೇಕಿಲ್ಲ. ಧರಿಸುವವನ ಸುಖದುಃಖ ಬಹುತೇಕ ಮೋಟು ಕೂರುವ ಆ ಬಟ್ಟಲಿನಲ್ಲಿಯೇ ಇದೆ. ಅದು ಸರಿಹೊಂದದಿದ್ದರೆ ಎಂಥ ಕಾಲೂ ಮನೆಯ ಮೂಲೆ ಸೇರುತ್ತದೆ. ಬೆಳೆಯುವ ಮಗುವಿಗೆ ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಯುದ್ಧದಲ್ಲಿ ದಾರಿ ಮುಚ್ಚಿದರೆ ಮಗು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ. ಯಾತನೆ ಅಲ್ಲಿಂದ ಶುರು. ಕೇಂದ್ರವು ಕಾಲಿನ ಜೊತೆಗೆ ಸಣ್ಣ ಸಾಲವನ್ನೂ ಕೊಟ್ಟಿತು, ಏಕೆಂದರೆ ನಡೆಯಬಲ್ಲವನಿಗೆ ನಡೆದು ಹೋಗಲು ಒಂದು ಕೆಲಸ ಬೇಕು.

ಅಫ್ಘಾನರಿಗೆ ನೆರವಾದ ಇನ್ನೊಂದು ಕಾಲು ನಮ್ಮ ದೇಶದ್ದೇ. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರಬ್ಬರ್ ಮತ್ತು ಮರದಿಂದ ಜೈಪುರ ಕಾಲನ್ನು ರೂಪಿಸಿದರು. ಅದಕ್ಕೆ ಮೊದಲಿದ್ದ ಪಾಶ್ಚಾತ್ಯ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕಿತ್ತು. ಅದು ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ್ದು. ನೆಲದ ಮೇಲೆ ಊಟಕ್ಕೆ ಕೂರುವ, ಕೆಸರುಗದ್ದೆಗೆ ಇಳಿಯುವ, ಕುಕ್ಕುರುಗಾಲಲ್ಲಿ ಕೂರುವ, ಮಸೀದಿಯ ಬಾಗಿಲಲ್ಲಿ ಪಾದರಕ್ಷೆ ಬಿಡುವ ಜನರಿಗೆ ಅದು ಬೆಳ್ಳಿಯ ಮೂಗಾಗಿತ್ತು. ಬಾಗುವ, ಬರಿಗಾಲಲ್ಲಿಯೂ ನಡೆಯುವ ಜೈಪುರ ಕಾಲು ಬಂದಾಗ, ಬೂಟು ಕಳಚಲಾಗದೆ ಹೊರಗೇ ಉಳಿದಿದ್ದವನು ಸಫ್‌ನಲ್ಲಿ ಬಂದು ನಿಲ್ಲುವಂತಾಯಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು; ಶರ್ಮಾರ ಹೆಸರು ಅಷ್ಟಾಗಿ ಯಾರಿಗೂ ತಿಳಿಯಲಿಲ್ಲ.

ಸಫ್‌ಗೆ ಬಂದವನಿಗೆ ಶರೀಅತ್ ಕಷ್ಟ ಕೊಟ್ಟಿಲ್ಲ. ಹರಡಿನ ಗಂಟಿನ ಮೇಲೆಯೇ ಕಾಲು ಕತ್ತರಿಸಿಹೋಗಿದ್ದರೆ ವುಝೂವಿನಲ್ಲಿ ಆ ಪಾದವನ್ನು ತೊಳೆಯುವ ಕಡ್ಡಾಯವೂ ಇಲ್ಲ. ತೊಳೆಯಬೇಕಾದ ಭಾಗದಲ್ಲಿ ಏನಾದರೂ ಉಳಿದಿದ್ದರೆ ಅಷ್ಟನ್ನು ತೊಳೆಯಬೇಕು. ನಿಲ್ಲಲಾಗದವನು ಕುಳಿತು ನಮಾಝ್ ಮಾಡಬಹುದೆಂದು ಹಝ್ರತ್ ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ಪ್ರವಾದಿ(ಸ) ತಿಳಿಸಿದ್ದನ್ನು ಬುಖಾರಿ ವರದಿ ಮಾಡಿದ್ದಾರೆ. ಕಷ್ಟವಿರುವುದು ನಾವು ಕಟ್ಟಿದ ಕಟ್ಟಡದಲ್ಲಿ. ಎತ್ತರದ ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲದ ಗೋಡೆ, ವುಝೂ ಜಾಗದ ಒದ್ದೆ ಗ್ರಾನೈಟ್. ಕೃತಕ ಕಾಲು ಮೊದಲು ಜಾರುವುದು ಅಲ್ಲಿಯೇ. ಮೀನಾರಕ್ಕೆ ಚಂದಾ ಎತ್ತುವಾಗ ಒಂದು ಕಂಬಿಯ ಖರ್ಚು ಯಾರಿಗೂ ನೆನಪಾಗುವುದಿಲ್ಲ.

ಅರ್ಫಜಾರ(ರ) ಹದೀಸಿನ ಅಡಿಯಲ್ಲಿ ಇಮಾಮ್ ತಿರ್ಮಿಝಿ, ಹಲವು ವಿದ್ವಾಂಸರು ತಮ್ಮ ಹಲ್ಲುಗಳನ್ನು ಚಿನ್ನದಿಂದ ಬಿಗಿಸಿಕೊಂಡಿದ್ದರೆಂದೂ ಅವರಿಗೆ ಇದೇ ಆಧಾರವೆಂದೂ ಬರೆದಿದ್ದಾರೆ. ಇನ್ನು ಆ ಹದೀಸನ್ನು ನಮಗೆ ತಲುಪಿಸಿದವರು ಅರ್ಫಜಾರ ಮೊಮ್ಮಗ ಅಬ್ದುರ್ರಹ್ಮಾನ್ ಬಿನ್ ತರಫಾ. ಅಜ್ಜನ ಮೂಗಿನ ಕಥೆ ಆ ಮನೆಯವರ ಬಾಯಿಂದಲೇ ಬಂದಿದೆ.