ವಾರಾಂತ್ಯದಲ್ಲಿ ದುಡಿಯುವ ವಿತರಣಾ ಹಾಗೂ ಬಾಡಿಗೆ ವಾಹನ ಗಿಗ್ ಕಾರ್ಮಿಕರಿಗೆ ಮಾಹಿತಿ

1. ಪೀಠಿಕೆ

ಮೊಬೈಲ್ ಆ್ಯಪ್‌ಗಳ ಮೂಲಕ ಆಹಾರ, ದಿನಸಿ ಹಾಗೂ ಇತರೆ ಸರಕುಗಳನ್ನು ತಲುಪಿಸುವವರು ಮತ್ತು ಬಾಡಿಗೆ ವಾಹನ ಚಲಾಯಿಸುವವರ ಪೈಕಿ ಶನಿವಾರ ಮತ್ತು ಭಾನುವಾರಗಳಂದು ಮಾತ್ರ ಈ ಕೆಲಸ ಮಾಡುವವರೂ ಇದ್ದಾರೆ. ವಿದ್ಯಾರ್ಥಿಗಳು, ಕಾರ್ಖಾನೆ ನೌಕರರು, ಅಂಗಡಿ ಮತ್ತು ಖಾಸಗಿ ಕಚೇರಿಗಳ ಸಿಬ್ಬಂದಿ ಇವರಲ್ಲಿ ಸೇರಿರುತ್ತಾರೆ. ವಾರದಲ್ಲಿ ಎರಡು ದಿನ ಮಾತ್ರ ದುಡಿಯುವುದರಿಂದ ತಮಗೆ ಯಾವುದೇ ಕಾನೂನು ಅನ್ವಯಿಸುವುದಿಲ್ಲ ಎಂಬ ಅಭಿಪ್ರಾಯ ಸರಿಯಲ್ಲ. ಆದರೆ ನೋಂದಣಿ, ದಿನಗಳ ಲೆಕ್ಕ ಮತ್ತು ದಾಖಲೆಗಳು ಸರಿಯಾಗಿಲ್ಲದಿದ್ದಲ್ಲಿ ಸೌಲಭ್ಯಗಳು ಕೈತಪ್ಪುವ ಸಂಭವವಿರುತ್ತದೆ. ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

2. ಅನ್ವಯವಾಗುವ ಕಾನೂನುಗಳು

(ಅ) ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮ, 2025. ಮೇ 2025ರಲ್ಲಿ ಅಧ್ಯಾದೇಶವಾಗಿ ಜಾರಿಗೆ ಬಂದ ಈ ಕಾನೂನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧಿನಿಯಮವಾಯಿತು. ಪ್ರಯಾಣಿಕರ ಸಾರಿಗೆ, ಆಹಾರ ಮತ್ತು ದಿನಸಿ ವಿತರಣೆ, ಸರಕು ಸಾಗಣೆ ಮುಂತಾದ ಸೇವೆಗಳು ಇದರ ಅನುಸೂಚಿಯಲ್ಲಿವೆ. ಗಿಗ್ ಕಾರ್ಮಿಕನ ಪರಿಭಾಷೆಯಲ್ಲಿ ವಾರಕ್ಕೆ ಇಂತಿಷ್ಟು ಗಂಟೆ ದುಡಿಯಬೇಕೆಂಬ ಷರತ್ತು ಇರುವುದಿಲ್ಲ. ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ. 1ರಿಂದ ಶೇ. 5ರವರೆಗೆ ಕಲ್ಯಾಣ ಶುಲ್ಕವನ್ನು ಅಗ್ರಿಗೇಟರ್ ಸಂಸ್ಥೆಗಳಿಂದ ಪಡೆಯಲು ಇದರಲ್ಲಿ ಅವಕಾಶವಿದೆ.

(ಆ) ಸಾಮಾಜಿಕ ಭದ್ರತಾ ಸಂಹಿತೆ, 2020. ಈ ಕೇಂದ್ರ ಕಾನೂನು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅಗ್ರಿಗೇಟರ್‌ಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ ಶೇ. 2ರಷ್ಟನ್ನು ವಂತಿಗೆಯಾಗಿ ನೀಡಬೇಕಾಗುತ್ತದೆ. ಈ ವಂತಿಗೆಯು ಕಾರ್ಮಿಕರಿಗೆ ಪಾವತಿಸುವ ಮೊತ್ತದ ಶೇ. 5ನ್ನು ಮೀರುವಂತಿಲ್ಲ.

3. ನೋಂದಣಿ

ರಾಜ್ಯ ಅಧಿನಿಯಮದ ಪ್ರಕಾರ ಅಗ್ರಿಗೇಟರ್ ಸಂಸ್ಥೆಯು ತನ್ನಲ್ಲಿರುವ ಕಾರ್ಮಿಕರ ವಿವರಗಳನ್ನು ಕಲ್ಯಾಣ ಮಂಡಳಿಗೆ ಒದಗಿಸಬೇಕು. ಇದಲ್ಲದೆ ಕಾರ್ಮಿಕರು ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಸ್ವತಃ ನೋಂದಾಯಿಸಿಕೊಂಡು 12 ಅಂಕಿಗಳ ಸಂಖ್ಯೆಯನ್ನು ಪಡೆಯತಕ್ಕದ್ದು. ಆಧಾರ್ ಹಾಗೂ ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಅವಶ್ಯ. ಬ್ಯಾಂಕ್ ಖಾತೆ ಮತ್ತು ನಾಮನಿರ್ದೇಶಿತರ ವಿವರಗಳನ್ನು ತಪ್ಪದೆ ದಾಖಲಿಸಬೇಕು. ವಿವಾಹದ ನಂತರ ನಾಮನಿರ್ದೇಶನವನ್ನು ಪರಿಷ್ಕರಿಸದಿದ್ದಲ್ಲಿ ಕುಟುಂಬದವರಿಗೆ ಪರಿಹಾರ ದೊರೆಯುವಲ್ಲಿ ವಿಳಂಬವಾಗಬಹುದು.

4. ವಾರಾಂತ್ಯದ ಕೆಲಸ ಮತ್ತು ದಿನಗಳ ಲೆಕ್ಕ

ಕೇಂದ್ರ ಸಂಹಿತೆಯಡಿ 2025ರ ಡಿಸೆಂಬರ್ 30ರಂದು ಪ್ರಕಟವಾದ ಕರಡು ನಿಯಮಗಳಲ್ಲಿ, ಸೌಲಭ್ಯಕ್ಕೆ ಅರ್ಹರಾಗಲು ಹಿಂದಿನ ಆರ್ಥಿಕ ವರ್ಷದಲ್ಲಿ ಒಂದೇ ಅಗ್ರಿಗೇಟರ್ ಬಳಿ ಕನಿಷ್ಠ 90 ದಿನ ಅಥವಾ ಒಂದಕ್ಕಿಂತ ಹೆಚ್ಚು ಅಗ್ರಿಗೇಟರ್‌ಗಳ ಬಳಿ ಒಟ್ಟು 120 ದಿನ ಕೆಲಸ ಮಾಡಿರಬೇಕೆಂದು ತಿಳಿಸಲಾಗಿದೆ. ಗಳಿಕೆ ಎಷ್ಟೇ ಇರಲಿ, ಆದಾಯ ಬಂದ ದಿನವನ್ನು ಒಂದು ದಿನವೆಂದು ಪರಿಗಣಿಸಲಾಗುತ್ತದೆ. ಒಂದೇ ದಿನ ಎರಡು ಸಂಸ್ಥೆಗಳಿಗೆ ಕೆಲಸ ಮಾಡಿದ್ದಲ್ಲಿ ಎರಡು ದಿನಗಳೆಂದು ಎಣಿಸಲಾಗುತ್ತದೆ.

ವರ್ಷದಲ್ಲಿ 52 ವಾರಾಂತ್ಯಗಳಿದ್ದು, ಒಟ್ಟು 104 ದಿನಗಳಾಗುತ್ತವೆ. ಈ ಲೆಕ್ಕದಂತೆ:

- ಎಲ್ಲ ವಾರಾಂತ್ಯಗಳಲ್ಲೂ ಒಂದೇ ಸಂಸ್ಥೆಗೆ ದುಡಿಯುವವರು 90 ದಿನಗಳನ್ನು ಪೂರೈಸಬಲ್ಲರು. ಹಬ್ಬ, ಪರೀಕ್ಷೆ, ಅನಾರೋಗ್ಯ ಮುಂತಾದ ಕಾರಣಗಳಿಂದ ತಪ್ಪಿಸಿಕೊಳ್ಳಬಹುದಾದ ದಿನಗಳು 14 ಮಾತ್ರ, ಅಂದರೆ ಏಳು ವಾರಾಂತ್ಯಗಳು.
- ಶನಿವಾರ ಒಂದು ಸಂಸ್ಥೆಗೆ, ಭಾನುವಾರ ಮತ್ತೊಂದು ಸಂಸ್ಥೆಗೆ ದುಡಿಯುವವರಿಗೆ ಒಂದು ದಿನವೂ ತಪ್ಪದಿದ್ದರೂ 52 ಮತ್ತು 52 ಸೇರಿ 104 ದಿನಗಳಾಗುತ್ತವೆ. ಇದು 120ಕ್ಕಿಂತ ಕಡಿಮೆ.
- ಎರಡೂ ದಿನ ಎರಡೂ ಸಂಸ್ಥೆಗಳಿಂದ ಕೆಲಸ ಪಡೆಯುವವರು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ.

ಆದ್ದರಿಂದ ಸಂಸ್ಥೆಗಳನ್ನು ಬದಲಾಯಿಸುವಾಗ ಪ್ರೋತ್ಸಾಹಧನವನ್ನಷ್ಟೇ ಅಲ್ಲದೆ ದಿನಗಳ ಲೆಕ್ಕವನ್ನೂ ಗಮನಿಸುವುದು ಸೂಕ್ತ. ಆ್ಯಪ್‌ನಲ್ಲಿ ದೊರೆಯುವ ಗಳಿಕೆಯ ವಿವರಪಟ್ಟಿಯನ್ನು ಪ್ರತಿ ತಿಂಗಳು ಉಳಿಸಿಟ್ಟುಕೊಳ್ಳತಕ್ಕದ್ದು. ಖಾತೆಯು ಸ್ಥಗಿತಗೊಂಡಲ್ಲಿ ಹಳೆಯ ವಿವರಗಳು ಲಭ್ಯವಾಗದಿರಬಹುದು. ಅರ್ಹತೆಯ ವಿಷಯದಲ್ಲಿ ಅಂತಿಮ ನಿಯಮಗಳೇ ಅನ್ವಯವಾಗುತ್ತವೆ.

5. ರಾಜ್ಯ ಸರ್ಕಾರದ ವಿಮಾ ಯೋಜನೆ

2023-24ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಕರ್ನಾಟಕ ರಾಜ್ಯ ಗಿಗ್ ಕಾರ್ಮಿಕರ ವಿಮಾ ಯೋಜನೆಯನ್ನು ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಮೂಲಕ ಜಾರಿಗೊಳಿಸಲಾಯಿತು. ಸದರಿ ಯೋಜನೆಯಡಿ ನಿಗದಿಪಡಿಸಲಾದ ಪರಿಹಾರದ ವಿವರ:

- ಅಪಘಾತದಿಂದ ಮರಣ: ರೂ. 4 ಲಕ್ಷ (ಅಪಘಾತ ಪರಿಹಾರ ರೂ. 2 ಲಕ್ಷ ಮತ್ತು ಜೀವವಿಮೆ ರೂ. 2 ಲಕ್ಷ)
- ಸಹಜ ಮರಣ: ರೂ. 2 ಲಕ್ಷ
- ಅಪಘಾತದಿಂದ ಶಾಶ್ವತ ದುರ್ಬಲತೆ: ರೂ. 2 ಲಕ್ಷದವರೆಗೆ
- ಅಪಘಾತದ ಆಸ್ಪತ್ರೆ ವೆಚ್ಚ: ರೂ. 1 ಲಕ್ಷದವರೆಗೆ

ಅರ್ಹತೆ: ವಯಸ್ಸು 18ರಿಂದ 60 ವರ್ಷ. ಆದಾಯ ತೆರಿಗೆ ಪಾವತಿದಾರರಾಗಿರಬಾರದು. ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಸೌಲಭ್ಯ ಹೊಂದಿರಬಾರದು.

6. ವಾರದ ದಿನಗಳಲ್ಲಿ ಬೇರೆ ಉದ್ಯೋಗದಲ್ಲಿರುವವರ ಗಮನಕ್ಕೆ

ಸೋಮವಾರದಿಂದ ಶುಕ್ರವಾರದವರೆಗೆ ಕಾರ್ಖಾನೆ ಅಥವಾ ಕಚೇರಿಯಲ್ಲಿ ದುಡಿದು ಭವಿಷ್ಯ ನಿಧಿ ಅಥವಾ ಇ.ಎಸ್.ಐ. ಸದಸ್ಯರಾಗಿರುವವರು ಮೇಲ್ಕಂಡ ವಿಮಾ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಇ.ಎಸ್.ಐ. ಸದಸ್ಯರಿಗೆ ವೈದ್ಯಕೀಯ ಸೌಲಭ್ಯವಿರುತ್ತದೆ. ಆದರೆ ಉದ್ಯೋಗ ಸಂಬಂಧಿ ಗಾಯಕ್ಕೆ ನೀಡುವ ದುರ್ಬಲತಾ ಪರಿಹಾರವು ಆ ಕಾರ್ಖಾನೆ ಅಥವಾ ಸಂಸ್ಥೆಯ ಕೆಲಸದಿಂದ ಉಂಟಾದ ಗಾಯಕ್ಕೆ ಮಾತ್ರ ಸಂಬಂಧಿಸಿದ್ದು, ಭಾನುವಾರ ಆ್ಯಪ್ ಕೆಲಸದಲ್ಲಿ ಆದ ಗಾಯಕ್ಕೆ ಅನ್ವಯಿಸುವುದಿಲ್ಲ. ಇಂತಹವರು ಅಗ್ರಿಗೇಟರ್ ಸಂಸ್ಥೆ ನೀಡುವ ವಿಮೆಯ ಷರತ್ತುಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆಯನ್ನು ಹೊಂದುವುದು ಸೂಕ್ತ. ಉದ್ಯೋಗದಾತರ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸಕ್ಕೆ ನಿರ್ಬಂಧವಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಗಿಗ್ ಕೆಲಸದ ಆದಾಯವನ್ನು ಸಂಬಳದೊಂದಿಗೆ ಆದಾಯ ತೆರಿಗೆ ವಿವರಪತ್ರದಲ್ಲಿ ತೋರಿಸಬೇಕಾಗುತ್ತದೆ.

7. ವಾಹನಕ್ಕೆ ಸಂಬಂಧಿಸಿದ ವಿಷಯಗಳು

ಬಿಳಿ ಫಲಕದ ಖಾಸಗಿ ವಾಹನದಲ್ಲಿ ಬಾಡಿಗೆಗೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಇದಕ್ಕೆ ಸಾರಿಗೆ ವಾಹನವಾಗಿ ನೋಂದಣಿ ಮತ್ತು ರಹದಾರಿ ಅಗತ್ಯ. ಖಾಸಗಿ ದ್ವಿಚಕ್ರ ವಾಹನದ ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಬಾಡಿಗೆ ಬಳಕೆ ಮತ್ತು ಸರಕು ಸಾಗಣೆಯನ್ನು ಹೊರತುಪಡಿಸಲಾಗಿರುತ್ತದೆ. ವಿತರಣಾ ಕೆಲಸದ ವೇಳೆ ಅಪಘಾತವಾದಲ್ಲಿ ವಾಹನ ಹಾನಿಯ ಕ್ಲೇಮು ತಿರಸ್ಕೃತವಾಗುವ ಸಾಧ್ಯತೆ ಇರುವುದರಿಂದ ವಿಮಾ ಕಂಪನಿಗೆ ಮುಂಚಿತವಾಗಿ ತಿಳಿಸಿ ಲಿಖಿತ ಉತ್ತರ ಪಡೆಯತಕ್ಕದ್ದು.

8. ಅಪಘಾತ ಸಂಭವಿಸಿದಲ್ಲಿ

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷ ಮಿತಿಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಇದಕ್ಕೆ ಗಿಗ್ ಕಾರ್ಮಿಕರಾಗಿರಬೇಕೆಂಬ ನಿರ್ಬಂಧವಿಲ್ಲ. 112ಕ್ಕೆ ಕರೆ ಮಾಡಿ ನೆರವು ಪಡೆಯಬಹುದು. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ದಾಖಲೆಗಳು ಮತ್ತು ಅಪಘಾತದ ಸಮಯದಲ್ಲಿ ನಿರ್ವಹಿಸುತ್ತಿದ್ದ ಆರ್ಡರ್‌ನ ವಿವರವನ್ನು ಕಾಪಾಡಿಕೊಳ್ಳಬೇಕು. ಮರಣ ಪ್ರಕರಣಗಳಲ್ಲಿ ಮರಣ ಪ್ರಮಾಣಪತ್ರ, ಮರಣೋತ್ತರ ಪರೀಕ್ಷಾ ವರದಿ ಹಾಗೂ ನಾಮನಿರ್ದೇಶಿತರ ಬ್ಯಾಂಕ್ ವಿವರಗಳು ಸಹ ಅಗತ್ಯವಾಗುತ್ತವೆ.

9. ಖಾತೆ ಸ್ಥಗಿತ ಮತ್ತು ದೂರುಗಳು

ರಾಜ್ಯ ಅಧಿನಿಯಮದಂತೆ ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಇಲ್ಲದೆ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ. ದೈಹಿಕ ಹಾನಿಯಂತಹ ಪ್ರಕರಣಗಳಿಗೆ ವಿನಾಯಿತಿ ಇದೆ. ಒಪ್ಪಂದದ ಷರತ್ತುಗಳ ಬದಲಾವಣೆಗೂ 14 ದಿನಗಳ ಮುನ್ಸೂಚನೆ ಅವಶ್ಯ. ವಾರಾಂತ್ಯದಲ್ಲಿ ಮಾತ್ರ ದುಡಿಯುವವರಿಗೂ ಈ ರಕ್ಷಣೆ ಇರುತ್ತದೆ. ಖಾತೆ ಸ್ಥಗಿತಗೊಂಡಲ್ಲಿ ಆ ಸಂದೇಶದ ಪ್ರತಿಯನ್ನು ಉಳಿಸಿಕೊಂಡು, ಸಂಸ್ಥೆಗೆ ಲಿಖಿತವಾಗಿ ಕಾರಣ ಕೇಳಿ, ತದನಂತರ ದೂರು ಸಲ್ಲಿಸಬಹುದು.

10. ಹೆಚ್ಚಿನ ಮಾಹಿತಿಗೆ

ಕಾರ್ಮಿಕ ಸಹಾಯವಾಣಿ: 155214
ಇ-ಶ್ರಮ್ ಸಹಾಯವಾಣಿ: 14434

ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಸಹ ಸಂಪರ್ಕಿಸಬಹುದಾಗಿದೆ.